ಗಡ್ಡೆಯ ಚಯಾಪಚಯ ಮಾದರಿ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಒಂದೇ ಕ್ಯಾನ್ಸರ್ ಗಡ್ಡೆಯೊಳಗೆ ಎಲ್ಲ ಜೀವಕೋಶಗಳೂ ಒಂದೇ ರೀತಿ ಬದುಕುವುದಿಲ್ಲ. ರಕ್ತನಾಳಕ್ಕೆ ಅಂಟಿಕೊಂಡ ಕೋಶಕ್ಕೆ ಆಮ್ಲಜನಕವೂ ಗ್ಲೂಕೋಸೂ ಧಾರಾಳ. ಅಲ್ಲಿಂದ ನೂರು ಮೈಕ್ರೋಮೀಟರ್ ಆಚೆಗಿನ ಕೋಶದ್ದು ನಾಲೆಯ ಕೊನೆಯ ಭಾಗದ ಗದ್ದೆಯ ಪಾಡು. ಮೇಲಿನವರು ಹೀರಿ ಬಿಟ್ಟದ್ದಷ್ಟೇ ಅದರ ಪಾಲಿಗೆ. ಈ ಏರುಪೇರನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಸಾಮಾನ್ಯವಾಗಿ ಎರಡು ಲೆಕ್ಕಗಳನ್ನು ಜೋಡಿಸುತ್ತಾರೆ. ಒಂದು, ಅಂಗಾಂಶದಲ್ಲಿ ಪೋಷಕಾಂಶ ಹರಡುವ ಮತ್ತು ಖರ್ಚಾಗುವ ವಿಸರಣೆಯ ಲೆಕ್ಕ. ಇನ್ನೊಂದು, ಪ್ರತಿ ಕೋಶದೊಳಗೆ ಸಾವಿರಾರು ರಾಸಾಯನಿಕ ಕ್ರಿಯೆಗಳ ವೇಗವನ್ನು, ಅಂದರೆ ಫ್ಲಕ್ಸನ್ನು, ಹುಡುಕುವ ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್, ಚಿಕ್ಕದಾಗಿ ಎಫ್‌ಬಿಎ. ಈ ಬರಹ ಅಂಥ ಜೋಡಿ ಮಾದರಿ ಕಟ್ಟಿ, ಫಲಿತಾಂಶ ನೋಡಿ ತಲೆ ಕೆರೆದುಕೊಳ್ಳುತ್ತಿರುವ ವಿದ್ಯಾರ್ಥಿಗಳಿಗೆ ಮತ್ತು ಸಂಶೋಧಕರಿಗೆ.

ಇಲ್ಲಿ ದೋಷ ಹಿಡಿಯುವುದು ಕಷ್ಟ, ಯಾಕೆಂದರೆ ದೋಷವೂ ಜೀವಶಾಸ್ತ್ರದ ವೇಷದಲ್ಲೇ ಬರುತ್ತದೆ. ನಾವು ಹುಡುಕುತ್ತಿರುವುದೇ ಕೋಶದಿಂದ ಕೋಶಕ್ಕೆ ಇರುವ ವ್ಯತ್ಯಾಸವನ್ನು. ಎಫ್‌ಬಿಎ ಲೆಕ್ಕ ಬಿಡಿಸುವ ತಂತ್ರಾಂಶದ, ಅಂದರೆ ಸಾಲ್ವರಿನ, ಗೊಂದಲವೂ ಕೋಶದಿಂದ ಕೋಶಕ್ಕೆ ವ್ಯತ್ಯಾಸವನ್ನೇ ತೋರಿಸುತ್ತದೆ. ಏಕಮಾನ ತಪ್ಪಿದರೆ ನಡುವೆ ಸತ್ತ ತಿರುಳು ಕಾಣುತ್ತದೆ. ನಿಜವಾದ ಗಡ್ಡೆಯಲ್ಲೂ ಸತ್ತ ತಿರುಳು ಇರುತ್ತದೆ. ಆದ್ದರಿಂದ ಕಂಪ್ಯೂಟರ್ ದೂರಿದಾಗ ಮಾತ್ರ ಪರೀಕ್ಷಿಸಿದರೆ ಸಾಲದು. ಚಿತ್ರ ಚೆನ್ನಾಗಿ ಬಂದಾಗಲೂ ಕೆಳಗಿನ ಪರೀಕ್ಷೆಗಳನ್ನು ಮಾಡಿ.

ಕೋಡ್ ತೆರೆಯುವ ಮೊದಲು, ಕಾಗದದ ಮೇಲೆ ಒಂದು ಲೆಕ್ಕ

ಖರ್ಚಿಲ್ಲದ ಪರೀಕ್ಷೆ ಇದು. ಅರ್ಧದಷ್ಟು ತೊಂದರೆಗಳು ಇಲ್ಲೇ ಸಿಕ್ಕಿಬೀಳುತ್ತವೆ. ರಕ್ತನಾಳದಿಂದ ಆಮ್ಲಜನಕ ಎಷ್ಟು ದೂರ ತಲುಪಬಹುದು ಎಂಬುದಕ್ಕೆ ಸರಳ ಸೂತ್ರವಿದೆ. ವಿಸರಣಾ ಗುಣಾಂಕವನ್ನು ನಾಳದ ಅಂಚಿನ ಸಾಂದ್ರತೆಯಿಂದ ಗುಣಿಸಿ, ಎರಡರಿಂದ ಗುಣಿಸಿ, ಬಳಕೆಯ ದರದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಬಳಕೆ ಎಲ್ಲೆಡೆ ಒಂದೇ ದರದಲ್ಲಿದೆ, ಅಂಗಾಂಶ ಚಪ್ಪಟೆ ಹಾಳೆಯಂತಿದೆ ಎಂದುಕೊಂಡ ಲೆಕ್ಕ ಇದು. ಅಂದಾಜಿಗೆ ಇಷ್ಟು ಸಾಕು.

ಅಂಗಾಂಶದಲ್ಲಿ ಆಮ್ಲಜನಕದ ವಿಸರಣಾ ಗುಣಾಂಕ ಸೆಕೆಂಡಿಗೆ ಸುಮಾರು 2000 ಚದರ ಮೈಕ್ರೋಮೀಟರ್. ನಾಳದಂಚಿನಲ್ಲಿ ಒತ್ತಡ 40 ಮಿ.ಮೀ. ಪಾದರಸ ಇದ್ದರೆ ಸಾಂದ್ರತೆ ಸುಮಾರು 0.05 ಮಿಲಿಮೋಲಾರ್. ಬಳಕೆಯ ದರವನ್ನು ಎಫ್‌ಬಿಎ ಏಕಮಾನದಿಂದ ತರಬೇಕು. ಪ್ರತಿ ಗ್ರಾಂ ಒಣ ತೂಕಕ್ಕೆ ಗಂಟೆಗೆ 0.3 ಮಿಲಿಮೋಲ್ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಅಂಗಾಂಶದಲ್ಲಿ 150 ಗ್ರಾಂ ಒಣ ತೂಕವಿದೆ ಎಂದರೆ ಗಂಟೆಗೆ 45 ಮಿಲಿಮೋಲಾರ್. ಅದನ್ನು 3600ರಿಂದ ಭಾಗಿಸಿದರೆ ಸೆಕೆಂಡಿಗೆ 0.0125 ಮಿಲಿಮೋಲಾರ್. ಸೂತ್ರಕ್ಕೆ ಹಾಕಿದರೆ ಬರುವ ಉತ್ತರ 126 ಮೈಕ್ರೋಮೀಟರ್.

ಈ ಉತ್ತರ ವಾಸ್ತವಕ್ಕೆ ಹೊಂದುತ್ತದೆ. 1955ರಲ್ಲಿ ಥಾಮ್ಲಿನ್ಸನ್ ಮತ್ತು ಗ್ರೇ ಶ್ವಾಸಕೋಶದ ಕ್ಯಾನ್ಸರ್ ಛೇದಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದಾಗ, ಪೋಷಣೆ ಸಿಗುವ ಅಂಚಿಗೂ ಸತ್ತ ತಿರುಳಿಗೂ ನಡುವಿನ ಜೀವಂತ ಪದರ ಸುಮಾರು 180 ಮೈಕ್ರೋಮೀಟರ್ ದಾಟುತ್ತಿರಲಿಲ್ಲ. ನಿಮ್ಮ ಸಂಖ್ಯೆ ನೂರರಿಂದ ಇನ್ನೂರರ ಆಸುಪಾಸಿನಲ್ಲಿ ಇರಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿಕೊಳ್ಳಿ. ಮುಂದೆ ಪದೇ ಪದೇ ಬೇಕಾಗುತ್ತದೆ.

ಲಕ್ಷಣ: ಗಡ್ಡೆಯೆಲ್ಲ ಒಂದೇ ಬಣ್ಣ, ಇಲ್ಲವೇ ನಾಳದ ಪಕ್ಕದ ಸಾಲು ಬಿಟ್ಟು ಎಲ್ಲವೂ ಸತ್ತಿದೆ

ಇವೆರಡೂ ಒಂದೇ ಕಾಯಿಲೆಯ ಎರಡು ಮುಖಗಳು. ಏಕಮಾನ ಎಲ್ಲೋ ತಪ್ಪಿದೆ. ಯಾವ ತಪ್ಪು ಎಂಬುದನ್ನು ಮೇಲಿನ ಅಂದಾಜಿನಿಂದಲೇ ಪತ್ತೆ ಹಚ್ಚಬಹುದು. ನಿಮ್ಮ ಮಾದರಿಯಲ್ಲಿ ಆಮ್ಲಜನಕ ನಾಳದಿಂದ ಎಷ್ಟು ದೂರಕ್ಕೆ ಸೊನ್ನೆಯಾಗುತ್ತದೆ ಎಂದು ಅಳೆಯಿರಿ.

ಸುಮಾರು 2 ಮೈಕ್ರೋಮೀಟರಿಗೆ ಮುಗಿದುಹೋದರೆ ಗಂಟೆಯನ್ನು ಸೆಕೆಂಡಿಗೆ ಇಳಿಸುವ 3600 ಬಿಟ್ಟುಹೋಗಿದೆ. ಸುಮಾರು ಒಂದೂವರೆ ಮಿಲಿಮೀಟರ್ ದೂರ ಹೋಗುತ್ತಿದ್ದರೆ ಒಣ ತೂಕದ 150 ಬಿಟ್ಟುಹೋಗಿದೆ. ಪ್ರತಿ ಗ್ರಾಂನ ಲೆಕ್ಕವನ್ನೇ ಪ್ರತಿ ಲೀಟರಿನ ಲೆಕ್ಕವೆಂದು ಮಾದರಿ ಓದಿದೆ. ಒಂದು ಮಿಲಿಮೀಟರಿಗೆ ಹತ್ತಿರವಿದ್ದರೆ ವಿಸರಣೆ ನಿಮಿಷದ ಲೆಕ್ಕದಲ್ಲಿ, ಬಳಕೆ ಸೆಕೆಂಡಿನ ಲೆಕ್ಕದಲ್ಲಿ ಇರುವ ಸಂಭವ ಹೆಚ್ಚು. ಕೋಶಗಳನ್ನು ಅನುಕರಿಸುವ ಫಿಸಿಸೆಲ್ ತಂತ್ರಾಂಶ ಬಳಸುವವರು ಈ ಕೊನೆಯದರ ಬಗ್ಗೆ ವಿಶೇಷವಾಗಿ ಗಮನವಿಡಬೇಕು. ಅದರ ಮೂಲ ಸೆಟ್ಟಿಂಗ್ ನಿಮಿಷದ್ದು: ಆಮ್ಲಜನಕದ ವಿಸರಣೆ ನಿಮಿಷಕ್ಕೆ 1,00,000 ಚದರ ಮೈಕ್ರೋಮೀಟರ್, ಅಂಚಿನಲ್ಲಿ 38 ಮಿ.ಮೀ. ಪಾದರಸ. ಮೂರು ಮಿಲಿಮೀಟರಿಗೂ ಆಚೆ ಹೋದರೆ ಒತ್ತಡದ 40ನ್ನೇ ಮಿಲಿಮೋಲಾರ್ ಎಂದು ಹಾಕಿದ್ದೀರಿ.

ಏಕಮಾನ ಸರಿಯಿದ್ದೂ ಬಣ್ಣ ಬದಲಾಗದಿದ್ದರೆ ಎರಡು ಸಂಗತಿ ನೋಡಿ. ಮೊದಲನೆಯದು ಚಿಹ್ನೆ. ಕೋಬ್ರಾಪೈ ಸೇರಿದಂತೆ ಬಹುತೇಕ ಎಫ್‌ಬಿಎ ತಂತ್ರಾಂಶಗಳಲ್ಲಿ ವಿನಿಮಯ ಕ್ರಿಯೆಯ (ಕೋಶಕ್ಕೂ ಹೊರಗಿಗೂ ನಡುವಿನ ಸಾಗಣೆಯ) ಫ್ಲಕ್ಸ್ ಋಣವಾಗಿದ್ದರೆ ಕೋಶ ಒಳಗೆ ತೆಗೆದುಕೊಳ್ಳುತ್ತಿದೆ ಎಂದರ್ಥ. ವಿಸರಣೆಯ ಕೋಡಿನಲ್ಲಿ ಬಳಕೆಯನ್ನು ಧನ ಸಂಖ್ಯೆಯಾಗಿ ಬರೆದು ಕಳೆಯುವ ರೂಢಿ. ಎರಡನ್ನೂ ಹಾಗೆಯೇ ಜೋಡಿಸಿದರೆ ಕೋಶಗಳು ಆಮ್ಲಜನಕವನ್ನು ಉತ್ಪಾದಿಸತೊಡಗುತ್ತವೆ. ನಾಳದಂಚಿಗಿಂತ ಒಳಗಡೆ ಸಾಂದ್ರತೆ ಹೆಚ್ಚಿರುವ ಒಂದೇ ಒಂದು ಚೌಕ (ಲೆಕ್ಕಕ್ಕಾಗಿ ಅಂಗಾಂಶವನ್ನು ಹಂಚಿದ ಮನೆಗಳಲ್ಲಿ ಒಂದು) ಕಂಡರೂ ಇದೇ ಕಾರಣ. ಎರಡನೆಯದು ಗಾತ್ರ. ನಿಮ್ಮ ಚೌಕಟ್ಟೇ 100 ಮೈಕ್ರೋಮೀಟರ್ ಅಗಲವಿದ್ದು ಎರಡೂ ಬದಿಯಲ್ಲಿ ನಾಳವಿದ್ದರೆ ಕೊರತೆ ಉಂಟಾಗಲು ಜಾಗವೇ ಇಲ್ಲ. ಅದು ದೋಷವಲ್ಲ.

ಲಕ್ಷಣ: ಆಮ್ಲಜನಕ ಸೊನ್ನೆಗಿಂತ ಕೆಳಗಿಳಿಯುತ್ತದೆ, ನಕ್ಷೆಯಲ್ಲಿ ಚದುರಂಗದ ಮನೆಗಳು ಮೂಡುತ್ತವೆ

ಒಂದು ಚೌಕ ಹೆಚ್ಚು, ಪಕ್ಕದ್ದು ಕಡಿಮೆ, ಪ್ರತಿ ಹೆಜ್ಜೆಗೂ ಅದಲುಬದಲು ಎಂಬ ಚಿತ್ರ ಬಂದರೆ ಕಾಲದ ಹೆಜ್ಜೆ ದೊಡ್ಡದಾಗಿದೆ. ಹಿಂದಿನ ಹೆಜ್ಜೆಯ ಸಂಖ್ಯೆಗಳಿಂದಲೇ ಮುಂದಿನದನ್ನು ಲೆಕ್ಕ ಹಾಕುವ (ಎಕ್ಸ್‌ಪ್ಲಿಸಿಟ್) ವಿಧಾನದಲ್ಲಿ ಎರಡು ಆಯಾಮದ ವಿಸರಣೆಗೆ ಮಿತಿಯಿದೆ: ಚೌಕದ ಬದಿಯ ವರ್ಗವನ್ನು ವಿಸರಣಾ ಗುಣಾಂಕದ ನಾಲ್ಕರಷ್ಟರಿಂದ ಭಾಗಿಸಿದರೆ ಬರುವ ಕಾಲವನ್ನು ಹೆಜ್ಜೆ ಮೀರಬಾರದು. ಬದಿ 10 ಮೈಕ್ರೋಮೀಟರ್ ಆಗಿದ್ದರೆ ಅದು 0.0125 ಸೆಕೆಂಡು. ಒಂದು ದಿನವನ್ನು ಅನುಕರಿಸಲು ಸುಮಾರು 69 ಲಕ್ಷ ಹೆಜ್ಜೆ ಬೇಕು. ಬದಿಯನ್ನು ಅರ್ಧಕ್ಕೆ ಇಳಿಸಿದರೆ ಹೆಜ್ಜೆ ಕಾಲು ಭಾಗವಾಗಬೇಕು.

ಇದಕ್ಕೆ ಹೆಚ್ಚು ಶಕ್ತಿಯ ಕಂಪ್ಯೂಟರ್ ಹುಡುಕಬೇಡಿ. 100 ಮೈಕ್ರೋಮೀಟರ್ ದೂರಕ್ಕೆ ಆಮ್ಲಜನಕ ಹರಡಲು ಬೇಕಾದದ್ದು ಐದು ಸೆಕೆಂಡಿನ ಆಸುಪಾಸು. ಕೋಶ ವಿಭಜನೆಗೆ ಬೇಕಾದದ್ದು ಸುಮಾರು ಒಂದು ದಿನ. ಹಾಗಾಗಿ ಕೋಶ ಬೆಳೆಯುವ ಪ್ರತಿ ದೊಡ್ಡ ಹೆಜ್ಜೆಗೆ ಒಮ್ಮೆ ಆಮ್ಲಜನಕದ ಸ್ಥಿರಸ್ಥಿತಿಯನ್ನು ಸಣ್ಣ ಹೆಜ್ಜೆಗಳಿಲ್ಲದೆ ನೇರವಾಗಿ ಬಿಡಿಸಿದರೆ ಸಾಕು.

ಚದುರಂಗದ ಮನೆಗಳಿಲ್ಲದೆ ಬರೀ ಋಣ ಸಂಖ್ಯೆಗಳು ಬಂದರೆ ಅದು ಬೇರೆ ಸಮಸ್ಯೆ. ಚೌಕದಲ್ಲಿ ಇರುವುದಕ್ಕಿಂತ ಹೆಚ್ಚನ್ನು ಕೋಶ ಕುಡಿಯುತ್ತಿದೆ. ಎಫ್‌ಬಿಎಗೆ ಹೀರುವ ಮಿತಿಯನ್ನು ಸ್ಥಿರ ಸಂಖ್ಯೆಯಾಗಿ ಕೊಟ್ಟರೆ ಹೀಗಾಗುತ್ತದೆ. ಆ ಮಿತಿ ಸ್ಥಳೀಯ ಸಾಂದ್ರತೆಯ ಜತೆ ಕಿಣ್ವದ ವೇಗವನ್ನು ಸಾಂದ್ರತೆಗೆ ಜೋಡಿಸುವ ಮೈಕೇಲಿಸ್–ಮೆಂಟೆನ್ ಸೂತ್ರದಂತೆ ಇಳಿಯಬೇಕು. ಅದರ ಜತೆಗೆ, ಆ ಹೆಜ್ಜೆಯಲ್ಲಿ ಚೌಕದೊಳಗೆ ನಿಜವಾಗಿ ಲಭ್ಯವಿರುವ ಪ್ರಮಾಣವನ್ನೂ ಅದು ಮೀರಬಾರದು.

ಋಣ ಸಂಖ್ಯೆ ಬಂದ ಕಡೆಯಲ್ಲೆಲ್ಲ ಸೊನ್ನೆ ಬರೆದು ಮುಂದೆ ಹೋಗುವುದು ಸುಲಭದ ದಾರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಹಾಗೆ ಮಾಡಿದಾಗಲೆಲ್ಲ ಆಮ್ಲಜನಕವನ್ನು ಶೂನ್ಯದಿಂದ ಸೃಷ್ಟಿಸಿ ಕೊಟ್ಟಂತಾಗುತ್ತದೆ, ಅದೂ ಕೊರತೆಯೇ ಮುಖ್ಯವಾದ ತಿರುಳಿನಲ್ಲಿ. ಪರೀಕ್ಷೆ ಸರಳ: ಸ್ಥಿರಸ್ಥಿತಿಯಲ್ಲಿ ನಾಳಗಳಿಂದ ಒಳಬಂದ ಒಟ್ಟು ಆಮ್ಲಜನಕವೂ ಕೋಶಗಳು ಬಳಸಿದ ಒಟ್ಟು ಆಮ್ಲಜನಕವೂ ಸಮವಾಗಬೇಕು. ನೂರಕ್ಕೆ ಒಂದರಷ್ಟಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಂದಿನ ಯಾವ ಚಿತ್ರವನ್ನೂ ನಂಬಬೇಡಿ.

ಲಕ್ಷಣ: ನಕ್ಷೆ ಇದ್ದಕ್ಕಿದ್ದಂತೆ ಖಾಲಿ, ಅಥವಾ ತಿರುಳಿನ ಕೋಶಗಳು ಸಾಯುವುದೇ ಇಲ್ಲ

ಪ್ರತಿ ಕೋಶಕ್ಕೂ ಬರೀ ಬದುಕಿರಲು ಇಷ್ಟು ಎಟಿಪಿ (ಕೋಶದ ಶಕ್ತಿಯ ನಾಣ್ಯ) ಬೇಕೇ ಬೇಕು ಎಂಬ ಕೆಳಮಿತಿಯನ್ನು ಮಾದರಿಯಲ್ಲಿ ಇಟ್ಟಿರುತ್ತೇವೆ. ತಿರುಳಿನಲ್ಲಿ ಅಷ್ಟು ಎಟಿಪಿ ತಯಾರಿಸಲು ಸಾಮಗ್ರಿ ಇಲ್ಲದಾಗ ಸಾಲ್ವರ್ ಉತ್ತರವಿಲ್ಲ ಎನ್ನುತ್ತದೆ. ಆಗ ನಿಮ್ಮ ಕೋಡ್ ಏನು ಮಾಡುತ್ತದೆ ಎಂಬುದರ ಮೇಲೆ ಲಕ್ಷಣ ನಿಂತಿದೆ. ಉತ್ತರವಿಲ್ಲದ ಜಾಗಕ್ಕೆ ‘ಸಂಖ್ಯೆಯಲ್ಲ’ ಎಂಬ ಗುರುತು ಬಂದು ಅದೇ ವಿಸರಣೆಯ ಲೆಕ್ಕಕ್ಕೆ ಸೇರಿದರೆ ಕ್ಷಣದಲ್ಲಿ ಇಡೀ ನಕ್ಷೆ ಖಾಲಿಯಾಗುತ್ತದೆ. ಹಿಂದಿನ ಹೆಜ್ಜೆಯ ಫ್ಲಕ್ಸನ್ನೇ ಉಳಿಸಿಕೊಂಡರೆ ಕೋಶ ಇಲ್ಲದ ಆಹಾರವನ್ನು ತಿನ್ನುತ್ತಾ ಬದುಕಿರುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಅದು ಯಾವ ಸದ್ದೂ ಮಾಡುವುದಿಲ್ಲ.

ಪ್ರತಿ ಲೆಕ್ಕದ ನಂತರ ಸಾಲ್ವರ್ ಕೊಟ್ಟ ಸ್ಥಿತಿಯನ್ನು ಓದಿ, ಉತ್ತರವಿಲ್ಲದ ಚೌಕಗಳ ಪ್ರತ್ಯೇಕ ನಕ್ಷೆ ಬರೆಯಿರಿ. ಆ ಚೌಕಗಳು ನಾಳದಿಂದ ದೂರದಲ್ಲಿ ಒಟ್ಟಾಗಿದ್ದರೆ ಅದು ಹಸಿವಿನ ವಲಯ. ಅಲ್ಲಿ ಕೋಶ ಎಷ್ಟು ಹೊತ್ತು ತಾಳುತ್ತದೆ, ಯಾವಾಗ ಸಾಯುತ್ತದೆ ಎಂಬ ನಿಯಮವನ್ನು ನೀವೇ ಬರೆಯಬೇಕು. ಚೌಕಗಳು ಅಲ್ಲಲ್ಲಿ ಚದುರಿದ್ದರೆ, ಅದರಲ್ಲೂ ನಾಳದ ಪಕ್ಕದಲ್ಲೂ ಇದ್ದರೆ, ಅದು ಸಂಖ್ಯೆಗಳ ಸೂಕ್ಷ್ಮತೆಯ ತೊಂದರೆ. ಹೀರುವ ಮಿತಿ ಸಾಲ್ವರಿನ ಸಹನಾಮಿತಿಗಿಂತ ಚಿಕ್ಕದಾಗಿರಬಹುದು. ಕೋಬ್ರಾಪೈನಲ್ಲಿ ಆ ಸಹನಾಮಿತಿ ಸಾಮಾನ್ಯವಾಗಿ ಒಂದು ಕೋಟಿಯಲ್ಲಿ ಒಂದು ಭಾಗ.

ಲಕ್ಷಣ: ಆಹಾರವಿಲ್ಲದ ಕಡೆಯೂ ಬೆಳವಣಿಗೆ

ಗ್ಲೂಕೋಸ್ ಸೊನ್ನೆ, ಆಮ್ಲಜನಕ ಸೊನ್ನೆ, ಆದರೂ ಕೋಶ ಬೆಳೆಯುತ್ತಿದೆ. ಹಸಿವಿಗೆ ಹೊಂದಿಕೊಂಡ ಕೋಶ ಎಂದು ಬರೆಯಲು ಕೈ ತುರಿಸುತ್ತದೆ. ಮೊದಲು ಎರಡು ಪರೀಕ್ಷೆ ಮಾಡಿ.

ಮಾದರಿಯ ಎಲ್ಲ ವಿನಿಮಯ ಕ್ರಿಯೆಗಳನ್ನೂ ಮುಚ್ಚಿ, ಎಟಿಪಿ ಒಡೆಯುವ ಕ್ರಿಯೆಯನ್ನು ಗರಿಷ್ಠಗೊಳಿಸಲು ಹೇಳಿ. ಉತ್ತರ ಸೊನ್ನೆ ಬರಬೇಕು. ಬರದಿದ್ದರೆ ಕ್ರಿಯೆಗಳ ಜಾಲದೊಳಗೆ ಎಲ್ಲೋ ಶೂನ್ಯದಿಂದ ಶಕ್ತಿ ಹುಟ್ಟಿಸುವ ಚಕ್ರವಿದೆ. ಸಾಮಾನ್ಯವಾಗಿ ಒಂದೇ ದಿಕ್ಕಿಗೆ ನಡೆಯಬೇಕಾದ ಕ್ರಿಯೆಯೊಂದು ಎರಡೂ ದಿಕ್ಕಿಗೆ ತೆರೆದಿರುತ್ತದೆ. 2018ರ ರೆಕಾನ್3ಡಿ, 2020ರ ಹ್ಯೂಮನ್1ರಂಥ ಮಾನವ ಚಯಾಪಚಯ ಜಾಲಗಳಲ್ಲಿ ತಲಾ 13 ಸಾವಿರಕ್ಕೂ ಹೆಚ್ಚು ಕ್ರಿಯೆಗಳಿವೆ. ಅದಕ್ಕೆ ನೀವು ಕೈಯಾರೆ ಸೇರಿಸಿದ ಒಂದು ಕ್ರಿಯೆಯೂ ಇಂಥ ಚಕ್ರ ಹುಟ್ಟಿಸಬಲ್ಲದು. ಹೊಸದಾಗಿ ಸೇರಿಸಿದ್ದನ್ನು ಮೊದಲು ಅನುಮಾನಿಸಿ.

ಆ ಪರೀಕ್ಷೆಯಲ್ಲಿ ಪಾಸಾದರೆ ಬಾಗಿಲುಗಳನ್ನು ನೋಡಿ. ಗ್ಲೂಕೋಸನ್ನು ಮಿತಿಗೊಳಿಸಿ ಗ್ಲುಟಮಿನ್, ಕೊಬ್ಬಿನಾಮ್ಲ, ಅಮೈನೊ ಆಮ್ಲಗಳ ಮಿತಿಯನ್ನು ಸಾವಿರಕ್ಕೆ, ಅಂದರೆ ಮಿತಿಯೇ ಇಲ್ಲದಂತೆ, ಬಿಟ್ಟಿರುವುದು ತೀರ ಸಾಮಾನ್ಯ. ಕೋಶ ಜಾಣ, ತೆರೆದ ಬಾಗಿಲಿನಿಂದ ಊಟ ತರಿಸಿಕೊಳ್ಳುತ್ತದೆ. ಒಳಬರುವ ಪ್ರತಿ ಪದಾರ್ಥದ ಇಂಗಾಲದ ಲೆಕ್ಕ ಬರೆದು, ಎಲ್ಲಿಂದ ಎಷ್ಟು ಬಂತು ಎಂದು ಕ್ರಮವಾಗಿ ಜೋಡಿಸಿದರೆ ಕಳ್ಳದಾರಿ ಮೇಲಿನ ನಾಲ್ಕೈದು ಸಾಲಿನಲ್ಲೇ ಸಿಗುತ್ತದೆ.

ಪ್ರಯೋಗಾಲಯದ ಬೆಳೆಸುವ ದ್ರವದ ಸಂಖ್ಯೆಗಳನ್ನೇ ಗಡ್ಡೆಗೆ ಹಾಕುವುದೂ ಇದೇ ಜಾತಿಯ ತಪ್ಪು. ಆರ್‌ಪಿಎಂಐ 1640 ದ್ರವದಲ್ಲಿ ಗ್ಲೂಕೋಸ್ 11 ಮಿಲಿಮೋಲಾರ್, ಗ್ಲುಟಮಿನ್ 2. ರಕ್ತದಲ್ಲಿ ಗ್ಲೂಕೋಸ್ ಸುಮಾರು 5, ಗ್ಲುಟಮಿನ್ ಅರ್ಧದ ಆಸುಪಾಸು.

ಲಕ್ಷಣ: ಅಕ್ಕಪಕ್ಕದ ಕೋಶಗಳಲ್ಲಿ ತದ್ವಿರುದ್ಧ ಚಯಾಪಚಯ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗಡ್ಡೆಯ ವೈವಿಧ್ಯವನ್ನು ಮಾದರಿ ಕಂಡುಹಿಡಿಯಿತು ಎಂಬ ಸುಳ್ಳು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ನಾಳದಿಂದ 20, 30, 40, 50, 60 ಮೈಕ್ರೋಮೀಟರ್ ದೂರದಲ್ಲಿ ಐದು ಕೋಶಗಳು ಇವೆ ಎನ್ನಿ. ಆಮ್ಲಜನಕ ನಿಧಾನವಾಗಿ, ನಯವಾಗಿ ಇಳಿಯುತ್ತಿದೆ. ಬೆಳವಣಿಗೆಯ ದರವೂ ಹಾಗೆಯೇ ಇಳಿಯುತ್ತಿದೆ. ಆದರೆ ಗ್ಲೂಕೋಸ್ ಬಳಕೆಯ ಒಂದು ಕವಲಾದ ಪೆಂಟೋಸ್ ಫಾಸ್ಫೇಟ್ ಮಾರ್ಗದ ಫ್ಲಕ್ಸ್ ಮೊದಲ ಕೋಶದಲ್ಲಿ 0.2, ಎರಡನೆಯದರಲ್ಲಿ ಸೊನ್ನೆ, ಮೂರನೆಯದರಲ್ಲಿ 0.19, ನಾಲ್ಕು ಐದರಲ್ಲಿ ಮತ್ತೆ ಸೊನ್ನೆ. ಬಣ್ಣ ತುಂಬಿ ನೋಡಿದರೆ ಎರಡು ಬಗೆಯ ಕೋಶಗಳು ಬೆರೆತು ಬದುಕುತ್ತಿರುವಂತೆ ಕಾಣುತ್ತದೆ.

ಎಫ್‌ಬಿಎ ಕೇಳುವ ಪ್ರಶ್ನೆ ಗರಿಷ್ಠ ಬೆಳವಣಿಗೆ ಎಷ್ಟು ಎಂಬುದು. ಅದಕ್ಕೆ ಉತ್ತರ ಒಂದೇ. ಆದರೆ ಆ ಬೆಳವಣಿಗೆಯನ್ನು ತಲುಪುವ ದಾರಿಗಳು ಅಸಂಖ್ಯ ಇರಬಹುದು. ಸಾಲ್ವರ್ ಅವುಗಳಲ್ಲಿ ಒಂದನ್ನು ಎತ್ತಿಕೊಡುತ್ತದೆ. ಯಾವುದನ್ನು ಎತ್ತುತ್ತದೆ ಎಂಬುದು ಕ್ರಿಯೆಗಳನ್ನು ಬರೆದ ಕ್ರಮ, ಹಿಂದಿನ ಲೆಕ್ಕದ ಕೊನೆಯ ಬಿಂದು, ಸಾಲ್ವರಿನ ಆವೃತ್ತಿ ಇಂಥ ಸಂಗತಿಗಳಿಗೆ ಬಿಟ್ಟದ್ದು. ಕೋಶಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಗ್ಗದ ಪರೀಕ್ಷೆ: ಅದೇ ಐದು ಕೋಶಗಳನ್ನು, ಅವೇ ಮಿತಿಗಳೊಂದಿಗೆ, ಬೇರೆ ಸಾಲ್ವರಿನಲ್ಲಿ ಓಡಿಸಿ. ಜಿಎಲ್‌ಪಿಕೆ ಬಳಸುತ್ತಿದ್ದರೆ ಗುರೋಬಿ ಅಥವಾ ಸಿಪ್ಲೆಕ್ಸ್. ಇನ್ನೊಂದು ಸಾಲ್ವರ್ ಇಲ್ಲದಿದ್ದರೆ ಕ್ರಿಯೆಗಳ ಕ್ರಮವನ್ನು ಕಲಸಿ ಓಡಿಸಿ. ಬೆಳವಣಿಗೆಯ ದರ ಆರು ದಶಾಂಶದವರೆಗೂ ಅದೇ ಬಂದು, ಬಣ್ಣದ ನಕ್ಷೆ ಮಾತ್ರ ಬದಲಾದರೆ ನೀವು ಕಂಡದ್ದು ಸಾಲ್ವರಿನ ಆಯ್ಕೆ.

ಮುಂದಿನ ಹೆಜ್ಜೆಗೆ ಸ್ವಲ್ಪ ಸಮಯ ಬೇಕು. ಪ್ರತಿ ಕೋಶಕ್ಕೂ ಫ್ಲಕ್ಸ್ ವೇರಿಯಬಿಲಿಟಿ ಅನಾಲಿಸಿಸ್ ಮಾಡಿ. ಗರಿಷ್ಠ ಬೆಳವಣಿಗೆಯನ್ನು ಹಾಗೇ ಹಿಡಿದಿಟ್ಟು ಪ್ರತಿ ಕ್ರಿಯೆ ಎಷ್ಟು ಕೆಳಗೆ, ಎಷ್ಟು ಮೇಲೆ ಹೋಗಬಲ್ಲದು ಎಂದು ಅದು ತಿಳಿಸುತ್ತದೆ. ಪೆಂಟೋಸ್ ಮಾರ್ಗದ ಹರವು ಐದೂ ಕೋಶಗಳಲ್ಲಿ ಸೊನ್ನೆಯಿಂದ 0.2ರವರೆಗೆ ಇದ್ದರೆ ಆ ಕ್ರಿಯೆಯ ಬಗ್ಗೆ ಮಾದರಿಗೆ ಹೇಳಲು ಏನೂ ಇಲ್ಲ. ನಕ್ಷೆಯಲ್ಲಿ ಅದನ್ನು ಬೂದು ಬಣ್ಣದಲ್ಲಿ ಬಿಡಿ. ಇಡೀ ಜಾಲಕ್ಕೆ ಮಾಡಲು ಹೊತ್ತು ಹಿಡಿಯುತ್ತದೆ ಎಂದಾದರೆ ನೀವು ಪ್ರಕಟಿಸಲಿರುವ ಹತ್ತಿಪ್ಪತ್ತು ಕ್ರಿಯೆಗಳಿಗಾದರೂ ಮಾಡಿ.

ಒಟ್ಟು ಫ್ಲಕ್ಸ್ ಕನಿಷ್ಠವಾಗಿರಲಿ ಎಂಬ ಎರಡನೇ ಷರತ್ತು ಹಾಕುವ ಪಿಎಫ್‌ಬಿಎ ಬಳಸಿದರೆ ಚಿತ್ರ ಬಹಳಮಟ್ಟಿಗೆ ಶಾಂತವಾಗುತ್ತದೆ. ಆದರೆ ಕೋಶ ಮಿತವ್ಯಯಿ ಎಂಬ ಊಹೆಯನ್ನು ನೀವು ಸೇರಿಸಿದ್ದೀರಿ ಎಂಬುದು ನೆನಪಿರಲಿ. ಬರೆಯುವಾಗ ಅದನ್ನೂ ಬರೆಯಿರಿ. ಅಷ್ಟಾದ ಮೇಲೂ ಒಂದೇ ಕೆಲಸ ಮಾಡುವ ಜೋಡಿ ಕಿಣ್ವಗಳ ನಡುವೆ ಓಲಾಟ ಉಳಿಯಬಹುದು. ಅಂಥವನ್ನು ಬಿಡಿಬಿಡಿಯಾಗಿ ತೋರಿಸದೆ ಮಾರ್ಗದ ನಿವ್ವಳ ಮೊತ್ತವನ್ನು ತೋರಿಸುವುದು ಪ್ರಾಮಾಣಿಕ ಕ್ರಮ.

ಹಾಗೆಂದು ಎಲ್ಲ ಚೂಪು ಗಡಿಗಳೂ ಸುಳ್ಳಲ್ಲ. ಆಮ್ಲಜನಕ ಸಾಲದ ಬಿಂದುವಿನಲ್ಲಿ ಕೋಶದ ಲೆಕ್ಕ ನಿಜಕ್ಕೂ ಥಟ್ಟನೆ ತಿರುಗಿ ಲ್ಯಾಕ್ಟೇಟ್ ಹೊರಹೋಗತೊಡಗುತ್ತದೆ. ವ್ಯತ್ಯಾಸ ಹಿಡಿಯಲು ಆಮ್ಲಜನಕದ ಸಮರೇಖೆಗಳನ್ನು ಫ್ಲಕ್ಸ್ ನಕ್ಷೆಯ ಮೇಲೆ ಎಳೆಯಿರಿ. ನಿಜವಾದ ಗಡಿ ಆ ರೇಖೆಗಳ ಜತೆಯಲ್ಲೇ ಸಾಗುತ್ತದೆ. ಸಾಲ್ವರಿನ ಗಡಿ ಅವುಗಳನ್ನು ಲೆಕ್ಕಿಸದೆ ಅಡ್ಡಾದಿಡ್ಡಿ ಓಡುತ್ತದೆ.

ಲಕ್ಷಣ: ಆಮ್ಲಜನಕ ಇರುವ ಕಡೆ ಲ್ಯಾಕ್ಟೇಟಿನ ಸುಳಿವೇ ಇಲ್ಲ

ಆಮ್ಲಜನಕ ಸಾಕಷ್ಟಿದ್ದರೂ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಲ್ಯಾಕ್ಟೇಟ್ ಮಾಡಿ ಹೊರಹಾಕುತ್ತವೆ ಎಂಬುದು ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ ಸಂಗತಿ. ನಿಮ್ಮ ಮಾದರಿ ಅದನ್ನು ತೋರಿಸುತ್ತಿಲ್ಲವೇ? ಕೋಡಿನಲ್ಲಿ ದೋಷವಿಲ್ಲದಿರಬಹುದು. ಒಂದು ಗ್ಲೂಕೋಸ್ ಲ್ಯಾಕ್ಟೇಟ್ ಆದರೆ ಸಿಗುವುದು 2 ಎಟಿಪಿ, ಪೂರ್ತಿ ಉರಿದರೆ ಸುಮಾರು 30. ಗ್ಲೂಕೋಸಿಗೆ ಮಾತ್ರ ಮಿತಿ ಹಾಕಿ ಬೆಳವಣಿಗೆ ಹೆಚ್ಚಿಸಲು ಕೇಳಿದರೆ ಲೆಕ್ಕ ಸಹಜವಾಗಿ ಪೂರ್ತಿ ಉರಿಸುವ ದಾರಿಯನ್ನೇ ಹಿಡಿಯುತ್ತದೆ.

ಲ್ಯಾಕ್ಟೇಟ್ ಇಷ್ಟು ಹೊರಬರಲೇಬೇಕು ಎಂದು ಕೆಳಮಿತಿ ಹಾಕಿ ಚಿತ್ರ ಸರಿಮಾಡುವುದನ್ನು ಬಿಟ್ಟುಬಿಡಿ. ನೀವೇ ಹಾಕಿದ್ದನ್ನು ಮಾದರಿ ಹೇಳಿತು ಎಂದು ಬರೆದಂತಾಗುತ್ತದೆ. ಕೋಶದೊಳಗೆ ಕಿಣ್ವಗಳಿಗೆ ಇರುವ ಜಾಗ ಸೀಮಿತ, ಉಸಿರಾಟದ ಕಿಣ್ವಗಳು ತಮ್ಮ ಪಾಲಿನ ಎಟಿಪಿಗೆ ಹೆಚ್ಚು ಜಾಗ ಕೇಳುತ್ತವೆ ಎಂಬ ಮಿತಿಯನ್ನು ಸೇರಿಸಿ. ಆಮೇಲೆ ಆಮ್ಲಜನಕವನ್ನು ಧಾರಾಳವಾಗಿಟ್ಟು ಗ್ಲೂಕೋಸನ್ನು ಮೆಲ್ಲಗೆ ಏರಿಸುತ್ತಾ ಹೋಗಿ. ಒಂದು ಹಂತದವರೆಗೆ ಲ್ಯಾಕ್ಟೇಟ್ ಇಲ್ಲ, ಆಮೇಲೆ ಶುರುವಾಗುತ್ತದೆ ಎಂದಾದರೆ ಮಿತಿ ಕೆಲಸ ಮಾಡುತ್ತಿದೆ.

ಲ್ಯಾಕ್ಟೇಟ್ ಹುಟ್ಟುತ್ತದೆ, ಆದರೆ ಗಡ್ಡೆಯಲ್ಲಿ ಪೇರುತ್ತಲೇ ಹೋಗುತ್ತದೆ ಎಂಬುದು ಇದರ ತಮ್ಮ. ಲ್ಯಾಕ್ಟೇಟ್ ವಿನಿಮಯದ ಕೆಳಮಿತಿ ಸೊನ್ನೆಯಲ್ಲಿದ್ದರೆ ಯಾವ ಕೋಶವೂ ಅದನ್ನು ತಿನ್ನಲಾರದು. ನಿಜದಲ್ಲಿ ಆಮ್ಲಜನಕ ಸಿಗುವ ಕೋಶಗಳು ಎಂಸಿಟಿ1 ಎಂಬ ಸಾಗಣೆ ಪ್ರೋಟೀನಿನ ಮೂಲಕ ಲ್ಯಾಕ್ಟೇಟನ್ನು ಒಳಗೆಳೆದು ಇಂಧನವಾಗಿ ಬಳಸಬಲ್ಲವು ಎಂದು 2008ರಲ್ಲಿ ತೋರಿಸಲಾಗಿದೆ. ನಾಳಗಳು ಲ್ಯಾಕ್ಟೇಟನ್ನು ಹೊತ್ತೊಯ್ಯುವ ವ್ಯವಸ್ಥೆ ಅಂಚಿನ ಷರತ್ತಿನಲ್ಲಿ ಇದೆಯೇ ಎಂಬುದನ್ನೂ ನೋಡಿ. ಲ್ಯಾಕ್ಟೇಟಿನ ಜತೆ ಪ್ರೋಟಾನೂ ಹೊರಬರುತ್ತದೆ. ಆಮ್ಲೀಯತೆಯ ಲೆಕ್ಕ ಇಡುತ್ತಿದ್ದರೆ ಅದನ್ನು ಮರೆಯಬೇಡಿ.

ಲಕ್ಷಣ: ಒಳಗಿನಿಂದ ಎಲ್ಲವೂ ಸರಿ, ಅಳತೆಗೆ ಮಾತ್ರ ತಾಳೆಯಾಗದು

ಮೊದಲು ಅಳತೆಗೋಲನ್ನು ನೋಡಿ. ಆಸ್ಪತ್ರೆಯ ಎಫ್‌ಡಿಜಿ (ವಿಕಿರಣದ ಗುರುತುಳ್ಳ, ಗ್ಲೂಕೋಸಿನಂಥ ಪದಾರ್ಥ) ಪೆಟ್ ಸ್ಕ್ಯಾನ್ 4ರಿಂದ 5 ಮಿಲಿಮೀಟರಿಗಿಂತ ಸಣ್ಣ ವಿವರ ತೋರಿಸುವುದು ಕಷ್ಟ. ಚೀಟಿಯಲ್ಲಿ ಬರೆದ 126 ಮೈಕ್ರೋಮೀಟರ್ ಅದರಲ್ಲಿ ಮೂವತ್ತು ಬಾರಿ ಹಿಡಿಸುತ್ತದೆ, ಅದೂ ಒಂದು ಬದಿಗೆ ಮಾತ್ರ. ಸ್ಕ್ಯಾನಿನ ಒಂದು ಚುಕ್ಕೆಯಲ್ಲಿ ಉಸಿರಾಡುವ ಪದರ, ಏದುಸಿರಿನ ಪದರ, ಸತ್ತ ತಿರುಳು ಎಲ್ಲವೂ ಬೆರೆತಿವೆ. ಸರಾಸರಿ ಆಮ್ಲಜನಕವನ್ನು ಮಾದರಿಗೆ ಕೊಟ್ಟರೆ ಬರುವ ಫ್ಲಕ್ಸೂ ಪ್ರತಿ ಕೋಶದ ಫ್ಲಕ್ಸಿನ ಸರಾಸರಿಯೂ ಒಂದೇ ಅಲ್ಲ. ಮಾದರಿಯನ್ನು ಸಣ್ಣ ಚೌಕದಲ್ಲೇ ಓಡಿಸಿ, ಫಲಿತಾಂಶವನ್ನು ಸ್ಕ್ಯಾನಿನ ಮಟ್ಟಕ್ಕೆ ಮಸುಕುಗೊಳಿಸಿ, ಆಮೇಲೆ ಹೋಲಿಸಿ. ಇನ್ನೂ ಒಂದು ಮಾತು: ಎಫ್‌ಡಿಜಿ ಕೋಶದೊಳಗೆ ಸಿಕ್ಕಿಬೀಳುವುದು ಮೊದಲ ಹೆಜ್ಜೆಯಲ್ಲೇ. ಗ್ಲೂಕೋಸ್ ಒಳಹೋಯಿತು ಎಂದಷ್ಟೇ ಅದು ಹೇಳುತ್ತದೆ; ಮುಂದೆ ಲ್ಯಾಕ್ಟೇಟ್ ಆಯಿತೋ ಪೂರ್ತಿ ಉರಿಯಿತೋ ಹೇಳುವುದಿಲ್ಲ.

ಜೀನ್ ಅಭಿವ್ಯಕ್ತಿಯ ದತ್ತಾಂಶದಿಂದ ಮಿತಿ ಹಾಕಿದ್ದರೆ ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ಛೇದದ ಮೇಲೆ ಜಾಗದಿಂದ ಜಾಗಕ್ಕೆ ಜೀನ್ ಅಭಿವ್ಯಕ್ತಿ ಅಳೆಯುವ ತಂತ್ರವಾದ ವಿಸಿಯಮ್‌ನ ಮೊದಲ ತಲೆಮಾರಿನ ಚುಕ್ಕೆಗಳು 55 ಮೈಕ್ರೋಮೀಟರ್ ಅಗಲ. ಒಂದು ಚುಕ್ಕೆಯಲ್ಲಿ ಹಲವು ಕೋಶಗಳು. ಚುಕ್ಕೆಗಳ ಜೀನ್ ದತ್ತಾಂಶವನ್ನು ಒಂದರದ್ದನ್ನು ಇನ್ನೊಂದಕ್ಕೆ ಕಲಸಿಬಿಟ್ಟು ಮತ್ತೆ ಓಡಿಸಿ. ನಕ್ಷೆ ಹೆಚ್ಚುಕಡಿಮೆ ಮೊದಲಿನಂತೆಯೇ ಬಂದರೆ ನೀವು ಕಾಣುತ್ತಿರುವ ವ್ಯತ್ಯಾಸ ಬರೀ ವಿಸರಣೆಯದ್ದು, ಜೀನ್ ದತ್ತಾಂಶ ಏನೂ ಸೇರಿಸಿಲ್ಲ. ಅಳತೆಗೆ ಸಿಗದ ಜೀನಿಗೆ ಸೊನ್ನೆ ಬಂದಿರುವುದನ್ನೇ ಕಿಣ್ವ ಇಲ್ಲ ಎಂದು ಓದಿಕೊಂಡಿದ್ದರೆ, ಅಗತ್ಯವಾದ ಮಾರ್ಗಗಳು ವಿನಾಕಾರಣ ಮುಚ್ಚಿಹೋಗಿರುತ್ತವೆ.

ಕೋಶಗಳೆಲ್ಲ ಕ್ಯಾನ್ಸರ್ ಕೋಶಗಳೇ ಎಂದುಕೊಂಡಿರುವುದೂ ತಾಳೆ ತಪ್ಪಲು ಕಾರಣ. ಇಲಿಗಳ ಗಡ್ಡೆಗಳಲ್ಲಿ ಕೋಶದ ಲೆಕ್ಕದಲ್ಲಿ ಅತಿ ಹೆಚ್ಚು ಗ್ಲೂಕೋಸ್ ಹೀರುವುದು ಮೈಲಾಯ್ಡ್ ಪ್ರತಿರಕ್ಷಣಾ ಕೋಶಗಳು, ಕ್ಯಾನ್ಸರ್ ಕೋಶಗಳು ಮುಂದಿರುವುದು ಗ್ಲುಟಮಿನ್ ಹೀರುವುದರಲ್ಲಿ ಎಂದು 2021ರ ಅಧ್ಯಯನವೊಂದು ತೋರಿಸಿತು. 2016ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಗುರುತಿನ ಇಂಗಾಲವಿರುವ ಗ್ಲೂಕೋಸ್ ಕೊಟ್ಟು ಮಾಡಿದ ಅಧ್ಯಯನದಲ್ಲಿ, ರಕ್ತ ಚೆನ್ನಾಗಿ ಹರಿಯುವ ಭಾಗಗಳು ಗ್ಲೂಕೋಸಲ್ಲದ ಇಂಧನಗಳನ್ನೂ ಗಣನೀಯವಾಗಿ ಬಳಸುತ್ತಿದ್ದವು. ಗ್ಲೂಕೋಸ್ ಒಂದನ್ನೇ ನಂಬಿದ ಮಾದರಿ ಅಲ್ಲಿ ತಪ್ಪಲೇಬೇಕು.

ಮತ್ತೆ, ಛೇದ ಎರಡು ಆಯಾಮದ್ದು, ಗಡ್ಡೆ ಮೂರು ಆಯಾಮದ್ದು. ನೀವು ನಾಳವೇ ಇಲ್ಲ ಎಂದುಕೊಂಡ ಜಾಗದ ಮೇಲೋ ಕೆಳಗೋ ಐವತ್ತು ಮೈಕ್ರೋಮೀಟರ್ ದೂರದಲ್ಲಿ ನಾಳವಿರಬಹುದು. ಸಾಧ್ಯವಿದ್ದರೆ ಪಿಮೊನಿಡಜೋಲ್ ಬಣ್ಣ ಹಾಕಿದ ಛೇದವನ್ನು ಕೇಳಿ. ಅದು ಸುಮಾರು 10 ಮಿ.ಮೀ. ಪಾದರಸಕ್ಕಿಂತ ಕಡಿಮೆ ಆಮ್ಲಜನಕವಿರುವ ಜೀವಂತ ಕೋಶಗಳಲ್ಲಿ ಅಂಟುತ್ತದೆ. ಮಾದರಿಯ ಕೊರತೆಯ ವಲಯ ಅದಕ್ಕೆ ಹೊಂದಬೇಕು.

ಎಚ್ಚರಿಕೆಗಳು

ಇಂಥ ಮಾದರಿಯ ಫಲಿತಾಂಶ ನೋಡಿ ಯಾವ ರೋಗಿಯ ಔಷಧಿಯನ್ನಾಗಲಿ ಊಟವನ್ನಾಗಲಿ ಬದಲಿಸಬಾರದು. ಗಡ್ಡೆ ಸಕ್ಕರೆ ತಿನ್ನುತ್ತದೆ ಎಂಬ ಚಿತ್ರ ಮನೆಯವರ ಕೈಗೆ ಸಿಕ್ಕರೆ ಮೊದಲು ನಿಲ್ಲುವುದು ರೋಗಿಯ ಅನ್ನ. ಚಿಕಿತ್ಸೆಯ ನಡುವೆ ತೂಕ ಇಳಿಯುವುದು ನಿಜವಾದ ಅಪಾಯ. ನಿಮ್ಮ ನಕ್ಷೆಯನ್ನು ಹೊರಗೆ ಹಂಚಿಕೊಳ್ಳುವಾಗ ಇದು ಸಂಶೋಧನೆಯ ಲೆಕ್ಕ, ಆಹಾರದ ವಿಷಯವನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಲ್ಲಿ ಕೇಳಿ ಎಂಬ ಸಾಲು ಚಿತ್ರದ ಮೇಲೆಯೇ ಇರಲಿ.

ರೋಗಿಗಳ ಸ್ಕ್ಯಾನ್, ಛೇದ, ಜೀನ್ ದತ್ತಾಂಶ ಬಳಸುತ್ತಿದ್ದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದಕ್ಕೆ ಆಧಾರ. ದೋಷ ಪತ್ತೆಗೆಂದು ಕಡತವನ್ನು ಬೇರೆಯವರಿಗೆ ಕಳುಹಿಸುವಾಗಲೇ ಹೆಸರು, ಆಸ್ಪತ್ರೆ ಸಂಖ್ಯೆ ಸೋರಿಹೋಗುವುದು. ಸ್ಕ್ಯಾನ್ ಕಡತದ ಒಳಗಿನ ವಿವರಪಟ್ಟಿಯಲ್ಲೂ ಅವು ಇರುತ್ತವೆ. ಕಳುಹಿಸಬೇಕಾದದ್ದು ಕೃತಕವಾಗಿ ರಚಿಸಿದ ಸಣ್ಣ ಉದಾಹರಣೆ ಮಾತ್ರ.

ಮಾದರಿಯನ್ನು ಪರೀಕ್ಷಿಸಲು ಕಡಿಮೆ ಆಮ್ಲಜನಕದ ಪೆಟ್ಟಿಗೆಯಲ್ಲಿ ಕೋಶ ಬೆಳೆಸುವವರಿಗೆ ಒಂದು ಮಾತು. ಆ ಪೆಟ್ಟಿಗೆ ನೈಟ್ರೋಜನ್ ಸಿಲಿಂಡರಿನಿಂದ ನಡೆಯುತ್ತದೆ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅದು ಸೋರಿದರೆ ವಾಸನೆಯೂ ಬರುವುದಿಲ್ಲ, ಉಸಿರುಗಟ್ಟುವ ಮುನ್ಸೂಚನೆಯೂ ಇರುವುದಿಲ್ಲ. ಕೋಣೆಯಲ್ಲಿ ಆಮ್ಲಜನಕದ ಎಚ್ಚರಿಕೆ ಗಂಟೆ ಇಲ್ಲದಿದ್ದರೆ ಕೆಲಸ ಆರಂಭಿಸಬೇಡಿ.

ಯಾವಾಗ ನಿಲ್ಲಿಸಿ ನೆರವು ಕೇಳಬೇಕು

ಒಳಬಂದದ್ದಕ್ಕೂ ಬಳಸಿದ್ದಕ್ಕೂ ತಾಳೆಯಾಗದಿದ್ದರೆ, ಚೌಕದ ಬದಿಯನ್ನು ಅರ್ಧ ಮಾಡಿದಾಗಲೂ ನಕ್ಷೆ ಬದಲಾಗುತ್ತಲೇ ಇದ್ದರೆ, ಸಂಖ್ಯಾತ್ಮಕ ಗಣಿತ ಬಲ್ಲವರನ್ನು ಕರೆಯಿರಿ. ಎಟಿಪಿ ಚಕ್ರ ಎಲ್ಲಿದೆ ಎಂದು ಸಿಗದಿದ್ದರೆ ಆ ಜಾಲವನ್ನು ನಿರ್ವಹಿಸುವ ತಂಡಕ್ಕೆ ಬರೆಯಿರಿ. ಇತರರಿಗೂ ಅದೇ ತೊಂದರೆ ಆಗಿರುತ್ತದೆ. ಛೇದದಲ್ಲಿ ಸತ್ತ ಭಾಗ ಯಾವುದು, ಸಂಸ್ಕರಣೆಯಲ್ಲಿ ಹರಿದುಹೋದ ಭಾಗ ಯಾವುದು ಎಂಬುದನ್ನು ಬಣ್ಣ ನೋಡಿ ಊಹಿಸಬೇಡಿ. ರೋಗಶಾಸ್ತ್ರಜ್ಞರು ಹತ್ತು ನಿಮಿಷದಲ್ಲಿ ಹೇಳಬಲ್ಲರು. ಮಾದರಿಯನ್ನು ಅಳತೆಗೆ ಹೊಂದಿಸಲು ನಾಲ್ಕನೇ ಐದನೇ ನಿಯತಾಂಕವನ್ನು ತಿರುಗಿಸುತ್ತಿದ್ದೀರಿ ಎಂದಾದರೂ ಕೈ ನಿಲ್ಲಿಸಿ. ಅಲ್ಲಿಂದ ಮುಂದೆ ಹೊಂದಿಕೆ ಬಂದರೂ ಅದರಿಂದ ಏನೂ ತಿಳಿಯುವುದಿಲ್ಲ.

ನೆರವು ಕೇಳಲು ಹೋಗುವಾಗ ಇಡೀ ಗಡ್ಡೆಯನ್ನು ಹೊತ್ತುಕೊಂಡು ಹೋಗಬೇಡಿ. ಒಂದೇ ಸಾಲಿನಲ್ಲಿ ಇಪ್ಪತ್ತು ಚೌಕ, ಒಂದು ತುದಿಯಲ್ಲಿ ನಾಳ, ಆಮ್ಲಜನಕ ಮತ್ತು ಗ್ಲೂಕೋಸ್ ಮಾತ್ರ ಇರುವ ಪುಟ್ಟ ಮಾದರಿಯಲ್ಲಿ ಅದೇ ಲಕ್ಷಣ ಮತ್ತೆ ಬರುತ್ತದೆಯೇ ನೋಡಿ. ಬಂದರೆ ಅದನ್ನು ಕೊಡಿ. ಜತೆಗೆ ಜಾಲದ ಹೆಸರು ಮತ್ತು ಆವೃತ್ತಿ, ಸಾಲ್ವರಿನ ಹೆಸರು ಮತ್ತು ಆವೃತ್ತಿ, ಪ್ರತಿ ಸಂಖ್ಯೆಯ ಪಕ್ಕ ಅದರ ಏಕಮಾನ. ಬರದಿದ್ದರೆ ನೀವು ತೆಗೆದುಹಾಕಿದ ಭಾಗಗಳನ್ನು ಒಂದೊಂದಾಗಿ ಮತ್ತೆ ಸೇರಿಸುತ್ತಾ ಹೋಗಿ, ಯಾವುದನ್ನು ಸೇರಿಸಿದಾಗ ಲಕ್ಷಣ ಮರಳಿತು ಎಂದು ಗುರುತಿಸಿಕೊಳ್ಳಿ.